ಒಬ್ಬರೇ ಇರೋರ ಪುಸ್ತಕ

"ಒಬ್ಬರೇ ಇರೋರ ಪುಸ್ತಕ ಇದೆಯಾ ಮಿಸ್?"

ಹೀಗೆ ಕೇಳಿದವಳಿಗೆ ಒಂಬತ್ತು ವರ್ಷ. ಹೆಸರು ನಾಗರತ್ನ. ಸಿದ್ದಾಪುರದಿಂದ ನಡೆದುಕೊಂಡು ಬರುತ್ತಿದ್ದಳು.

ಈಗಷ್ಟೇ ಏಳುತ್ತಿರುವ ಜಯನಗರದ ನಮ್ಮ ಬಡಾವಣೆ ಸಂಘದವರು ಮಕ್ಕಳಿಗೆಂದು ಒಂದು ಲೈಬ್ರರಿ ತೆರೆದಿದ್ದಾರೆ. ದೊಡ್ಡದೇನಲ್ಲ. ಒಂದು ರೂಮು, ಎರಡು ಬೀರು, ಒಂದು ಚಾಪೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಮಧ್ಯಾಹ್ನ ನಾನು ಅದನ್ನು ನೋಡಿಕೊಳ್ಳುತ್ತೇನೆ. (ಸಂಬಳ ಇಲ್ಲ. ಕೇಳಿಯೂ ಇಲ್ಲ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಇರುವ ಮೇಷ್ಟ್ರಮ್ಮನಿಗೆ ಶನಿವಾರ ಮಧ್ಯಾಹ್ನ ಎಷ್ಟು ಉದ್ದ ಅಂತ ನಿಮಗೇನು ಗೊತ್ತು?)

ಐದಾರು ವಾರದಿಂದ ಅವಳನ್ನು ನೋಡುತ್ತಿದ್ದೆ. ಕಾರ್ಡಿನ ಡ್ರಾಯರು ಎಳೆಯುವಳು, ಒಂದೊಂದೇ ಕಾರ್ಡು ಓದುವಳು, ಬರಿಗೈಯಲ್ಲಿ ಹೋಗುವಳು. ಆಟಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ.

"ಬರೆದವರು ಯಾರು?" ಅಂದೆ.

"ಗೊತ್ತಿಲ್ಲ ಮಿಸ್."

"ಪುಸ್ತಕದ ಹೆಸರು?"

"ಅದೂ ಗೊತ್ತಿಲ್ಲ. ಅಂಥದ್ದು ಇರಬಹುದು ಅಂತ ಹುಡುಕ್ತಿದೀನಿ."

"ನೀತಿಕಥೆ ಕೊಡ್ಲಾ?"

"ಬೇಡ ಮಿಸ್. ಒಬ್ಬರೇ ಇದ್ದಾಗ ದಿನಾ ಪೂರ್ತಿ ಏನು ಮಾಡ್ತಾರೆ ಅಂತ ಅದರಲ್ಲಿ ಇರಬೇಕು."

ಕೇಳಿದ ಮೇಲೆ ಗೊತ್ತಾಯಿತು. ಬೇಸಿಗೆಯಲ್ಲಿ ಅಕ್ಕ ಮದುವೆಯಾಗಿ ಅರಸೀಕೆರೆಗೆ ಹೋಗಿದ್ದಾಳೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸ್ಕೂಲು ಬಿಟ್ಟರೆ ಇವಳೇ ಬೀಗ ತೆಗೆಯಬೇಕು, ಕತ್ತಲಾಗುವ ತನಕ ಇವಳೇ ಕೂತಿರಬೇಕು.

ನನ್ನ ಕ್ಯಾಟಲಾಗಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಲೇಖಕರ ಹೆಸರು ಅಕಾರಾದಿಯಾಗಿ, ಪಕ್ಕದಲ್ಲಿ ನಂಬರು, ಕೆಳಗೆ ವಿಷಯ. ನೀತಿ, ಪುರಾಣ, ವಿಜ್ಞಾನ, ಪ್ರವಾಸ. ಕೆಂಪು ಇಂಕಿನಲ್ಲಿ ಗೆರೆ ಬೇರೆ. ಆದರೆ ಯಾವ ಮಗು ಬಂದು "ಪುರಾಣ ಕೊಡಿ" ಅನ್ನುತ್ತದೆ? "ಆನೆ ಕಳೆದುಹೋಗಿತ್ತಲ್ಲ, ಅದು" ಅನ್ನುತ್ತದೆ. ನಾನು ಬರೆದ ಕಾರ್ಡು ಇನ್‌ಸ್ಪೆಕ್ಟರ್ ಬಂದರೆ ತೋರಿಸುವುದಕ್ಕಿತ್ತು. ಮಕ್ಕಳಿಗಲ್ಲ.

ಎರಡು ಬೀರುವಿನ ಪುಸ್ತಕಗಳನ್ನೂ ಓದಲು ಕೂತೆ. ದಿನಾ ಸಂಜೆ ನಾಲ್ಕಾರು ಪುಸ್ತಕ ರೂಮಿಗೆ ಒಯ್ಯುತ್ತಿದ್ದೆ. ನಮ್ಮ ಬ್ಲಾಕಿನಲ್ಲಿ ಇನ್ನೂ ಮನೆಗಿಂತ ಖಾಲಿ ಸೈಟೇ ಹೆಚ್ಚು. ಕಿಟಕಿ ತೆಗೆದರೆ ಗಾಳಿ ಬಿಟ್ಟು ಬೇರೆ ಸದ್ದಿಲ್ಲ. ನಿಜ ಹೇಳುತ್ತೇನೆ, ಅವಳ ಪ್ರಶ್ನೆಗೆ ಉತ್ತರ ನನಗೂ ಬೇಕಿತ್ತು.

ಮೂರು ಸಿಕ್ಕವು. ಗುಡ್ಡದಲ್ಲಿ ಮೇಕೆ ಕಾಯುವ ಹುಡುಗಿಯದೊಂದು. ಸಮುದ್ರದ ನಡುವೆ ದೀಪ ಕಾಯುವವನದೊಂದು. ಊರಿಗೆ ಊರೇ ಗುಳೆ ಹೋದ ಮೇಲೂ ಉಳಿದ ಅಜ್ಜಿಯದೊಂದು. ಹೊಸ ಕಾರ್ಡು ತೆಗೆದುಕೊಂಡು ತಲೆಬರಹ ಬರೆದೆ: ಒಬ್ಬರೇ ಇರುವವರು. ಆಮೇಲೆ ಕೈ ನಿಲ್ಲಲಿಲ್ಲ. ಕತ್ತಲೆಗೆ ಹೆದರುವವರು. ಹೊಸ ಊರಿಗೆ ಬಂದವರು. ಆನೆ ಇರುವವು. ಓದಿ ನಗು ಬರುವವು.

ಸಂಘದ ಸೆಕ್ರೆಟರಿ, ರಿಟೈರ್ಡ್ ಇಂಜಿನಿಯರು, ಡ್ರಾಯರು ಎಳೆದು ನೋಡಿದರು.

"ಏನಮ್ಮಾ ಇದು? ಹೆದರುವವರು ಅಂತ ಒಂದು ಸಬ್ಜೆಕ್ಟ್ ಇದೆಯಾ?"

"ಮಕ್ಕಳು ಹಾಗೇ ಕೇಳ್ತಾರೆ ಸಾರ್."

"ನಂಬರು ಎಲ್ಲಿ?"

"ಹಿಂದುಗಡೆ ಇದೆ."

ಕಾರ್ಡು ತಿರುಗಿಸಿ ನೋಡಿದರು. ಮುಂದುಗಡೆ ಬರೆದದ್ದನ್ನು ಇನ್ನೊಮ್ಮೆ ಓದಿದರು. ಇದ್ದ ಕಡೆಯೇ ಇಟ್ಟು ಹೋದರು.

ಆದರೆ ಕಾರ್ಡು ಸಿದ್ಧವಾದ ಆ ಶನಿವಾರ ನಾಗರತ್ನ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಮೇಕೆ ಹುಡುಗಿಯ ಪುಸ್ತಕ ಹಿಡಿದು, ಮೆಂಬರ್ ರಿಜಿಸ್ಟರಿನಲ್ಲಿದ್ದ ವಿಳಾಸ ಹುಡುಕಿಕೊಂಡು ಸಿದ್ದಾಪುರಕ್ಕೆ ಹೋದೆ. ವಠಾರದ ಕೊನೆಯ ಮನೆಯ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಅಕ್ಕಿ ಆರಿಸುತ್ತ ಕೂತಿದ್ದರು.

"ಖಾಲಿ ಮಾಡ್ಕೊಂಡು ಹೋದ್ರಲ್ಲ. ಹತ್ತು ದಿನ ಆಯ್ತು."

"ಎಲ್ಲಿಗೆ?"

"ಭದ್ರಾವತಿ ಕಡೆ ಅಂದ್ರು. ಸರಿಯಾಗಿ ಗೊತ್ತಿಲ್ಲಮ್ಮ. ನೀವು ಅವರಿಗೆ ಏನಾಗ್ಬೇಕು?"

ಏನಾಗಬೇಕು? ಅವಳಿಗೊಂದು ಪುಸ್ತಕ ಕೊಡಬೇಕಿತ್ತು, ಅಂದೆ. ಆಕೆಗೆ ಅರ್ಥವಾಗಲಿಲ್ಲ. ವಾಪಸು ಬರುವಾಗ ಬಸ್ಸಿಗೂ ಕಾಯಲಿಲ್ಲ, ನಡೆದೇ ಬಂದೆ. ಆ ಕಾರ್ಡು ಎರಡು ವಾರ ಮೊದಲೇ ಬರೆದಿದ್ದರೆ ಅನ್ನುವುದು ರೂಮಿನ ತನಕ ಜೊತೆಗೆ ಬಂತು.

ಇದಾಗಿ ಮೂರು ತಿಂಗಳು. ಈಗ ಆ ಮೂರು ಪುಸ್ತಕ ಬೀರುವಿನಲ್ಲಿ ನಿಲ್ಲುವುದೇ ಇಲ್ಲ. ಒಂದು ಬಂದರೆ ಎರಡು ಹೊರಗೆ. ಸುತ್ತಮುತ್ತ ಒಂಟಿ ಮಕ್ಕಳು ಇಷ್ಟೊಂದು ಇದ್ದಾರಾ? ರಿಜಿಸ್ಟರು ತೆಗೆದು ಯಾರು ಯಾರು ಒಯ್ದಿದ್ದಾರೆ ಅಂತ ನೋಡಿದೆ. ಹೆಚ್ಚಿನವರು ತುಂಬಿದ ಮನೆಯ ಮಕ್ಕಳು. ನಮ್ಮ ಹಿಂದಿನ ಕ್ರಾಸಿನ ವನಜಾಳ ಮನೆಯಲ್ಲಂತೂ ಹನ್ನೊಂದು ಜನ.

"ನಿಮ್ಮನೇಲಿ ಅಷ್ಟು ಜನ ಇದ್ದಾರಲ್ಲೇ, ನಿನಗ್ಯಾಕೆ ಈ ಪುಸ್ತಕ?" ಅಂದೆ ಮೊನ್ನೆ.

"ಇದ್ದಾರೆ ಮಿಸ್," ಅಂದಳು. ಪುಸ್ತಕ ತೆಗೆದುಕೊಂಡು ಹೋದಳು.

ಅವಳದು ಯಾವ ತಲೆಬರಹದ ಕೆಳಗೆ ಬರಬೇಕು, ನೀವೇ ಹೇಳಿ.