ಸ್ವಿಚ್ಚಿನ ಮೇಲಿನ ಬೆರಳು

ಬಸ್ಸಿಳಿದು ಬಂದರೆ ಮನೆ ಕತ್ತಲಾಗಿತ್ತು. ಕರೆಂಟ್ ತೆಗೆದಿದ್ದಾರೆ ಅಂದುಕೊಂಡೆ. ಕೂಡ್ಲಿಗಿಯಲ್ಲಿ ಹಾಗೆ ಅಂದುಕೊಳ್ಳಲು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎದುರುಮನೆಯಲ್ಲಿ ಟಿವಿ ನಡೆದಿತ್ತು, ಮೂಲೆಯ ಔಷಧಿ ಅಂಗಡಿ ಬೆಳ್ಳಗೆ ಉರಿಯುತ್ತಿತ್ತು. ಅದೆಲ್ಲ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎಷ್ಟೋ ಸಂಜೆ ಹೀಗೇ ಬಂದು, ಹೀಗೇ ಅಂದುಕೊಂಡು, ಒಳಗೆ ಕಾಲಿಟ್ಟು ಸ್ವಿಚ್ ಒತ್ತಿದ್ದೇನೆ. ಬೆಳಕು ಬಂದಿದೆ. ಸ್ವಿಚ್‌ಬೋರ್ಡಿನ ಕೆಳಗೇ ಗೋಡೆಗೆ ಒರಗಿ ಕೂತಿದ್ದ ದೊಡ್ಡವ್ವ ಬಲ್ಬಿಗೆ ಕೈಮುಗಿದು, ಎದ್ದು ಚಹಾ ಇಡಲು ಹೋಗಿದ್ದಾಳೆ. ಈಗಷ್ಟೇ ಬಂತು ನೋಡು ಕರೆಂಟು ಎಂದು ನಾನೇ ಹೇಳಿದ್ದೂ ಉಂಟು. ಅವಳು ಹೂಂ ಎಂದಿದ್ದಾಳೆ.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ನನ್ನನ್ನು ಬೆಳೆಸಿದವಳು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡ ಮೇಲೆ ನಾನು ಕೊಟ್ಟೂರಿನ ಬಾಡಿಗೆ ಕೋಣೆ ಬಿಟ್ಟು ಅವಳ ಮನೆಗೆ ಬಂದೆ. ಕೊಟ್ಟೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಸಂಜೆಯ ಬಸ್ಸಿಗೆ ಮರಳುತ್ತೇನೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದು ಅಪರೂಪ.

ಒಂದು ಸಂಜೆ ಅವಳ ಕಾಲ್ಬೆರಳಿಗೆ ಬಟ್ಟೆ ಸುತ್ತಿತ್ತು. ಕತ್ತಲಲ್ಲಿ ಹೊಸ್ತಿಲು ಎಡವಿದ್ದಳು. ಕಣ್ಣಿನ ಪೊರೆ ಬೇರೆ. ಆಗ ಎದುರುಮನೆಯಾಕೆ ನನ್ನನ್ನು ಹೊರಗೆ ಕರೆದು, ತಿಳಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ದನಿಯಲ್ಲಿ ಹೇಳಿದಳು: "ಸಂಜಿ ದೀಪ ಆಕಿ ಹಚ್ಚಂಗಿಲ್ರಿ ಈಗ. ನೀವು ಬರೂತನ ಕತ್ತಲಾಗ ಕುಂತಿರ್ತಾಳ."

ಸಂಜೆಯ ದೀಪ ಮುತ್ತೈದೆಯ ಕೈಯದು. ಎಣ್ಣೆದೀಪದ ಕಾಲದಲ್ಲಿ ಹಾಗಿತ್ತು. ಬಲ್ಬು ಬಂದ ಮೇಲೂ ನಮ್ಮ ಮನೆಯಲ್ಲಿ ಅದೇ ಉಳಿದಿತ್ತು. ದೊಡ್ಡಪ್ಪ ಹಿಟ್ಟಿನ ಗಿರಣಿಯಿಂದ ಬಂದು, ತಲೆತುಂಬ ಜೋಳದ ಹಿಟ್ಟು ಹೊತ್ತು, ಬಾಗಿಲಲ್ಲೇ ನಿಂತು ದೀಪ ಹಾಕು ಅನ್ನುತ್ತಿದ್ದ. ಅವಳು ಒತ್ತುತ್ತಿದ್ದಳು. ಇಬ್ಬರೂ ಬಲ್ಬಿಗೆ ಕೈಮುಗಿಯುತ್ತಿದ್ದರು. (ನನ್ನ ನೆನಪಿನ ಈ ಚಿತ್ರದಲ್ಲಿ ಹೊರಗೆ ಮಳೆಯೂ ಬರುತ್ತಿತ್ತು. ಅದನ್ನು ಬರೆದು ಹೊಡೆದುಹಾಕಿದ್ದೇನೆ. ಕೂಡ್ಲಿಗಿಯಲ್ಲಿ ಅಷ್ಟು ಮಳೆ ಎಲ್ಲಿಂದ ಬರಬೇಕು?)

ನಾನು ವಾದಕ್ಕಿಳಿದೆ. ಅದು ಬತ್ತಿಯಲ್ಲ, ತಂತಿ. ಎಲ್ಲೋ ಕಲ್ಲಿದ್ದಲು ಸುಟ್ಟು ಯಾರೋ ಕಳಿಸುವ ಶಕ್ತಿ. ಅದಕ್ಕೆ ಮುತ್ತೈದೆ ಯಾರು, ಅಲ್ಲದವರು ಯಾರು ಎಂದೆಲ್ಲ ಹೇಳಿದೆ. ಅವಳು ಬಟ್ಟೆ ಸುತ್ತಿದ ಬೆರಳನ್ನೇ ನೋಡುತ್ತ ಕೇಳಿದಳು. ಮುಗಿಸಿದ ಮೇಲೆ ಅಂದಳು:

"ನಿನಗ ತಂತಿ ಕಾಣತೈತಿ ಯಪ್ಪಾ. ನನಗ ಸಂಜಿ ಕಾಣತೈತಿ."

ಆ ದಿನಗಳಲ್ಲಿ ನಾನು ಕನ್ನಡದಲ್ಲೊಂದು ಪುಸ್ತಕ ಬರೆಯಲು ಹೊರಟಿದ್ದೆ. ಇಂಧನದ ವಿಚಾರದಲ್ಲಿ ಅಮೆರಿಕದ ಸರ್ಕಾರ ಕಾಲಕಾಲಕ್ಕೆ ಏನು ತೀರ್ಮಾನಿಸಿತು, ಕರೆಂಟನ್ನು ಹಳ್ಳಿಗಳಿಗೆ ಹೇಗೆ ಮುಟ್ಟಿಸಿತು ಎಂಬುದು ವಿಷಯ. ಅಲ್ಲಿಗೆ ಹೋಗುವ ಅನುಕೂಲ ನನಗಿರಲಿಲ್ಲ. ಅಲ್ಲಿನ ಪತ್ರಾಗಾರಗಳು ಅಂತರ್ಜಾಲಕ್ಕೆ ಹಾಕಿದ್ದಷ್ಟೇ ನನ್ನ ಬಂಡವಾಳ. ಅಧ್ಯಕ್ಷರ ಕಾಗದಪತ್ರ, ಇಲಾಖೆಗಳ ಟಿಪ್ಪಣಿ, ಸಂಸತ್ತಿನ ವಿಚಾರಣೆಗಳ ವರದಿ, ರೈತರ ವಿದ್ಯುತ್ ಸಹಕಾರ ಸಂಘಗಳ ಪತ್ರಿಕೆ, ಮುದುಕರ ನೆನಪುಗಳ ಧ್ವನಿಮುದ್ರಣ. ಬಹಳ ಕಡೆ ಕಾಗದ ಸಿಗುವುದಿಲ್ಲ, ಕಾಗದವಿರುವ ಪೆಟ್ಟಿಗೆಯ ಹೆಸರು ಮಾತ್ರ ಸಿಗುತ್ತದೆ. ಆ ಹೆಸರನ್ನೇ ಓದಿ ಒಳಗೇನಿರಬಹುದು ಎಂದು ಊಹಿಸುತ್ತ ಕೂರುತ್ತಿದ್ದೆ. ಪರವೂರಿನ ಮನೆಯ ಬೀಗ ನೋಡಿ ಬಂದವನಂತೆ.

ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ದೊಡ್ಡವ್ವ ಪಕ್ಕಕ್ಕೆ ಬಂದು ಕೂತಳು. ಏನು ಹುಡುಕುತ್ತೀ ಎಂದಳು. ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ.

"ಅಮೆರಿಕಾದಾಗ ಕರೆಂಟ್ ಇರ್ಲಿಲ್ಲೇನು?"

ಪಟ್ಟಣಗಳಿಗಿತ್ತು, ಹೊಲದ ಮನೆಗಳಿಗೆ ಎಷ್ಟೋ ಕಾಲ ಇರಲಿಲ್ಲ ಎಂದೆ. ಲಾಭವಿಲ್ಲವೆಂದು ಕಂಪನಿಗಳು ತಂತಿ ಎಳೆಯಲಿಲ್ಲ, ಆಮೇಲೆ ಸರ್ಕಾರ ಸಾಲ ಕೊಟ್ಟಿತು, ರೈತರು ಸಂಘ ಕಟ್ಟಿಕೊಂಡರು ಎಂದು ವಿವರಿಸಿದೆ. ಆ ಸುದ್ದಿಯನ್ನೆಲ್ಲ ಪೆಟ್ಟಿಗೆಗಳಲ್ಲಿ ಜೋಪಾನ ಮಾಡಿದ್ದಾರೆ ಎಂದಾಗ, ಕರೆಂಟನ್ನು ಪೆಟ್ಟಿಗೆಯಲ್ಲಿಟ್ಟಿದ್ದರೆ ನಮಗೂ ಒಂದಿಷ್ಟು ಕಳಿಸಲು ಹೇಳು ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು:

"ಮೊದ್ಲ ಯಾರು ಒತ್ತಿದ್ರು ಅಂತ ಬರ್ದಾರೇನು?"

ಯಾವ ಮನೆಯಲ್ಲಿ ಎಂದೆ. ಯಾವ ಮನೆಯಾದರೂ ಸರಿ ಎಂದಳು.

ಹುಡುಕಿದೆ. ಯಾರು ಸಹಿ ಮಾಡಿದರು ಎಂಬುದಿತ್ತು. ಕಂಬಕ್ಕೆ ಮರ ಎಲ್ಲಿಂದ ಬಂತು, ಯಾರು ವಿರೋಧಿಸಿದರು ಎಂಬುದೂ ಇತ್ತು. ಸ್ವಿಚ್ಚಿನ ಮೇಲಿನ ಬೆರಳು ಯಾವ ಪೆಟ್ಟಿಗೆಯ ಹೆಸರಿನಲ್ಲೂ ಕಾಣಲಿಲ್ಲ. ಕೊನೆಗೆ ಒಬ್ಬ ಮುದುಕಿಯ ಧ್ವನಿಮುದ್ರಣದಲ್ಲಿ, ಹಿಂದೆ ಗಡಿಯಾರ ಟಿಕ್ ಎನ್ನುತ್ತಿರಲು, ಅದೇ ಪ್ರಶ್ನೆ ಕೇಳಿಸಿತು. ಅಮ್ಮ ಒತ್ತಿದಳು ಎಂದಳು ಆಕೆ. ತಡೆದು, ಅಲ್ಲ, ಅಣ್ಣನಿರಬೇಕು ಎಂದಳು. ಮತ್ತೆ ತಡೆದು, ನೆನಪಿಲ್ಲ ಎಂದು ನಕ್ಕಳು. ನನಗೆ ಆ ನಗು ಬಹಳ ಹಿಡಿಸಿತು. ನೆನಪಿನ ಬಗ್ಗೆ ಅಷ್ಟು ಪ್ರಾಮಾಣಿಕವಾದ ಸಾಕ್ಷಿ ನನಗೆ ಇನ್ನೊಂದು ಸಿಕ್ಕಿಲ್ಲ. ಹಿಗ್ಗಿನಿಂದ ದೊಡ್ಡವ್ವನಿಗೆ ಕೇಳಿಸಿ, ಅರ್ಥ ಹೇಳಿದೆ.

"ಸುಳ್ಳು," ಎಂದಳು ದೊಡ್ಡವ್ವ. "ಅದು ಮರಿಯೂ ಮಾತಲ್ಲ."

ಹಾಗಾದರೆ ನಮ್ಮ ಮನೆಯದು ಹೇಳು ಎಂದು ಮೊಬೈಲಿನಲ್ಲಿ ರೆಕಾರ್ಡಿಗೆ ಇಟ್ಟೆ. ಉತ್ತರ ನನಗೆ ಗೊತ್ತಿತ್ತು. ಹೊಸಹಳ್ಳಿಯ ಹಳೇ ಮನೆಗೆ ಕರೆಂಟ್ ಬಂದ ದಿನ ಹೊಸ ಸೊಸೆಯಾಗಿದ್ದ ದೊಡ್ಡವ್ವನೇ ಹಸಿರು ಬಳೆಯ ಕೈಯಿಂದ ಸ್ವಿಚ್ ಒತ್ತಿದಳೆಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಬಳೆಗಳನ್ನು ನಾನು ಕಂಡಿದ್ದೇನೆ. ಅವುಗಳ ಸದ್ದನ್ನೂ ಕೇಳಿದ್ದೇನೆ. ನನ್ನ ನೆನಪು ಅಂಥದ್ದು.

ಅವಳು ಹೇಳಿದ್ದು ಬೇರೆ. ಗಂಡಸರೆಲ್ಲ ಹೊಲದಲ್ಲಿದ್ದರು. ತಂತಿ ಜೋಡಿಸಲು ಬಂದಿದ್ದವನು ಕೆಲಸ ಮುಗಿಸಿ, ಮನೆಯ ಹಿರಿಯರು ಬಂದು ಒತ್ತಿ ನೋಡಿರಿ ಎಂದನಂತೆ. ಬೀಸುಕಲ್ಲಿನ ಮುಂದೆ ಕೂತಿದ್ದ ನನ್ನ ಅಜ್ಜಿ, ಅಂದರೆ ದೊಡ್ಡವ್ವನ ಅತ್ತೆ, ಎದ್ದು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಒತ್ತಿದಳು. ಅಜ್ಜಿ ಗಂಡನನ್ನು ಕಳೆದುಕೊಂಡು ಆಗಲೇ ಬಹಳ ಕಾಲವಾಗಿತ್ತು. ದೀಪ ಹತ್ತಿತು. ಅಜ್ಜಿ ಕೈಮುಗಿದು, ಮತ್ತೆ ಬೀಸುಕಲ್ಲಿಗೆ ಹೋಗಿ ಕೂತಳು.

ದೊಡ್ಡಪ್ಪ ಯಾಕೆ ಹಾಗೆ ಹೇಳುತ್ತಿದ್ದ ಎಂದು ಕೇಳಿದೆ.

"ನಾಕ ಮಂದಿ ಮುಂದ ಹಂಗ ಹೇಳ್ಬೇಕಾತು. ನಾ ಬಾಗ್ಲಾಗ ನಿಂತಿದ್ನೆಪಾ. ನಮ್ಮತ್ತಿ ಮುಖದ ಮ್ಯಾಲೆ ಬೆಳಕ ಬಿದ್ದದ್ದು ನಾ ನೋಡೀನಿ."

ಮೊಬೈಲಿನ ರೆಕಾರ್ಡು ನಿಲ್ಲಿಸಿದೆ. ಆಮೇಲೆ ಅದನ್ನು ಕೇಳಿಸು ಎಂದಳು. ಕೇಳಿಸಿದೆ. ತನ್ನ ದನಿ ಇಷ್ಟು ಗೊಗ್ಗರೇ ಎಂದು ಮುಖ ಸಿಂಡರಿಸಿದಳು. ಅತ್ತೆಯ ಮಾತು ಬರುವ ಕಡೆಯಷ್ಟನ್ನು ಇನ್ನೊಮ್ಮೆ ಹಾಕು ಎಂದಳು.

ಹಾಗಾದರೆ ನೀನೂ ಒತ್ತಬಹುದಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತು ಹೇಳಬೇಕಾದವಳು ಅಜ್ಜಿ, ಅವಳು ಹೇಳಿಯಾಗಿತ್ತು.

ಮರುದಿನ ಬಸ್ಸಿಳಿದಾಗ ಮನೆ ಕತ್ತಲಾಗಿಯೇ ಇತ್ತು. ಆ ವಾರವೆಲ್ಲ ಹಾಗೇ. ಅಜ್ಜಿಯ ಮಾತು ಬರಿಯ ಸುದ್ದಿಯಾಗಿ ಉಳಿಯಿತು ಎಂದು ಕೈಬಿಟ್ಟಿದ್ದೆ. ಆಮೇಲೆ ಒಂದು ಸಂಜೆ ದೂರದಿಂದಲೇ ಪಡಸಾಲೆಯ ಬಲ್ಬು ಕಂಡಿತು. ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡು ಒಳಗೆ ಹೋದೆ. ಯಾರೂ ಇರಲಿಲ್ಲ. ದೊಡ್ಡವ್ವ ಬೆಳಕಿನ ಕೆಳಗೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಕೇಳುವ ಮೊದಲೇ ಅಂದಳು:

"ಮಧ್ಯಾಹ್ನ ಕರೆಂಟ್ ತಗದಿದ್ರು. ಸ್ವಿಚ್ ಹಾಕಿದ್ದು ಹಂಗ ಇತ್ತು. ಬಂದ ಕೂಡ್ಲೆ ತಾನ ಹತ್ತೇತಿ."

ಬೆಳಿಗ್ಗೆ ನಾನೇ ಆ ಸ್ವಿಚ್ ಆರಿಸಿ ಹೋಗಿದ್ದೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಒತ್ತಿಟ್ಟರೆ ಅದು ದೀಪ ಹಚ್ಚಿದಂತಲ್ಲ. ಸಂಜೆ ದೀಪ ತಾನಾಗಿ ಬರುತ್ತದೆ, ಯಾರ ಕೈಯೂ ಅದರಲ್ಲಿರುವುದಿಲ್ಲ. ಅಷ್ಟು ಸೂಕ್ಷ್ಮವಾದ ದಾರಿಯನ್ನು ಅವಳು ಎಷ್ಟು ಮಧ್ಯಾಹ್ನ ಕೂತು ಹುಡುಕಿದಳೋ. ಹೌದಾ ಎಂದೆ.

ಅಲ್ಲಿಂದೀಚೆಗೆ ನಾನು ಬರುವಾಗ ಮನೆಯಲ್ಲಿ ಬೆಳಕಿರುತ್ತದೆ. ಕೇಳಿದರೆ ದಿನಾ ಮಧ್ಯಾಹ್ನ ಕರೆಂಟ್ ಹೋಗಿರುತ್ತದೆ.

ಮೊನ್ನೆ ನಾನು ಒಳಗೆ ಬಂದಾಗ ಎದುರುಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಕೂತಿದ್ದಳು. ದೊಡ್ಡವ್ವ ಎಂದಿನಂತೆ ಕರೆಂಟಿನ ಸುದ್ದಿ ಶುರು ಮಾಡಿದಳು. ಎದುರುಮನೆಯಾಕೆ, ಇವತ್ತು ಕರೆಂಟ್ ಹೋಗಿಯೇ ಇಲ್ಲ, ಬೆಳಿಗ್ಗೆಯಿಂದ ತಾನು ಟಿವಿ ಆರಿಸಿಲ್ಲ ಎಂದಳು.

"ನಮ್ಮನಿಗೆ ಹೋಗಿತ್ತು," ಎಂದಳು ದೊಡ್ಡವ್ವ, ಬಟ್ಟಲಿಗೆ ಮಜ್ಜಿಗೆ ಬಗ್ಗಿಸುತ್ತ.

ಎದುರುಮನೆಯಾಕೆ ನನ್ನ ಕಡೆ ತಿರುಗಿದಳು. ಇತಿಹಾಸದ ಮೇಷ್ಟ್ರು ಏನು ಹೇಳುತ್ತಾರೆ ಎಂದು ಕಾದಳು.

"ಹೌದ್ರಿ," ಎಂದೆ. "ನಮ್ಮನಿಗೆ ಹೋಗಿತ್ತು."

ಅವಳು ಬಟ್ಟಲು ಹಿಡಿದುಕೊಂಡು ಎದ್ದಳು. ದೊಡ್ಡವ್ವ ನನ್ನನ್ನು ನೋಡಲಿಲ್ಲ.

"ಬಂದಾಂವ ಹಂಗ ನಿಂತೀಯಲ್ಲೋ," ಎಂದಳು. "ದೀಪಕ್ಕ ಕೈ ಮುಗಿ."

ಹೆಗಲ ಚೀಲ ಇಳಿಸಿ ಕೈಮುಗಿದೆ.