ಓವಾ ಅತ್ತೆ ಎದ್ದು ನಿಂತ ಬೆಳಗು

ಮೇ ತಿಂಗಳಲ್ಲಿ ಅಳಿಲುಗಳು ಮುಗಿಬೀಳುವ ಹಿಪ್ಪುನೇರಳೆ ಹಣ್ಣು ಕೆಂಪೇರಿತೆಂದರೆ ಓವಾ ಅತ್ತೆಯನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಅವರು ನನ್ನ ಗಂಡನ ಸೋದರತ್ತೆ. ಕೆಂಟಕಿಯ ನಮ್ಮ ಕಣಿವೆಯಲ್ಲಿ ಅಳಿಲು ಬೇಟೆಗೆ ಅವರನ್ನು ಮೀರಿಸಿದವರಿರಲಿಲ್ಲ. ಅವರ ಗಂಡ ಲೆಸ್ಟರ್ ಅದೇ ಕಾಡಿನಲ್ಲಿ ಯಾರದೋ ಗುಂಡಿಗೆ ಸತ್ತಿದ್ದ. ಹೊಡೆದವರು ಯಾರೆಂದು ತಿಳಿಯಲೇ ಇಲ್ಲ. ಆದರೂ ಅತ್ತೆ ಕಾಡು ಬಿಡಲಿಲ್ಲ.

ಕಳೆದ ವಸಂತದಲ್ಲಿ ನನ್ನನ್ನೂ ಕರೆದೊಯ್ದರು.

"ಮರಕ್ಕೆ ಬೆನ್ನು ಕೊಟ್ಟು ಕೂತ್ಕೋ. ಈಗ ಎಲೆ ದಟ್ಟ, ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಎಲೆ ಅಲ್ಲಾಡ್ತು ಅಂತ ಹೊಡೀಬೇಡ. ತಲೆ ಕಾಣೋವರ್ಗೂ ಟ್ರಿಗರ್‌ಗೆ ಬೆರಳು ಹಾಕ್ಬೇಡ."

"ಮರಿ ಇರೋ ತಾಯಿ ಬಂದ್ರೆ?"

"ಬಿಟ್ಬಿಡು. ಗೂಡಲ್ಲಿ ಮರಿ ಹಸ್ಕೊಂಡು ಸಾಯ್ತವೆ."

ಸ್ವಲ್ಪ ಹೊತ್ತಿಗೆ ಹಕ್ಕಿಗಳೆಲ್ಲ ಸುಮ್ಮನಾದವು. ಪೊದೆಯೊಳಗಿಂದ ಚಿಟಚಿಟ ಸದ್ದು ಬಂತು. ನಾನು ಬಂದೂಕೆತ್ತಿದೆ. ಅತ್ತೆ ನಳಿಗೆಯನ್ನು ಕೆಳಗೊತ್ತಿದರು.

"ಅದು ಅಳಿಲಲ್ಲ ಕಣೇ. ಅಳಿಲು ನಡುವೆ ಉಸಿರು ತಗೊಳ್ಳುತ್ತೆ. ಯಾರೋ ಪೀಪಿ ಒತ್ತಿ ಅಳಿಲಿನ ಥರ ಸದ್ದು ಮಾಡಿ ಅಳಿಲು ಕರೀತಿದ್ದಾರೆ."

ಮರುಕ್ಷಣ ನನ್ನ ಮಣಿಕಟ್ಟು ಹಿಡಿದರು. ಎದುರಿನ ಇಳಿಜಾರಿನ ಜರೀಗಿಡಗಳ ನಡುವೆ ಇನ್ನೊಂದು ನಳಿಗೆ ಆ ಪೊದೆಯತ್ತಲೇ ಗುರಿಯಿಟ್ಟಿತ್ತು. ಹಿಡಿದವನು ಕಾಣುತ್ತಿರಲಿಲ್ಲ. ಅತ್ತೆ ಎದ್ದು ನಿಂತರು.

"ಏಯ್, ಅಲ್ಲಿರೋದು ಮನುಷ್ಯ! ಇಳಿಸು ಬಂದೂಕು!"

ನಳಿಗೆ ಸರಕ್ಕನೆ ಅತ್ತೆಯ ಎದೆಗೇ ತಿರುಗಿತು. ಆಮೇಲೆ ಮೆಲ್ಲಗೆ ಇಳಿಯಿತು. ಗಿಡಗಳ ಮರೆಯಿಂದ ಹೊರಬಂದವನು ಹೊಬರ್ಟ್, ಲೆಸ್ಟರನ ತಮ್ಮ. ಪೊದೆಯಿಂದ ಯಾರೋ ಪರವೂರಿನವನು ಎದ್ದುಬಿದ್ದು ಓಡಿದ.

ಹೊಬರ್ಟ್ ಅತ್ತೆಯ ಮುಂದೆ ಬಂದು ನಿಂತ. "ಅಣ್ಣಾನೂ ಅವತ್ತು ಕೂತಿರೋ ಬದ್ಲು ಹಿಂಗೇ ಎದ್ದು ನಿಂತಿದ್ರೆ..."

"ಅವರು ಕೂತಿದ್ರು ಅಂತ ನಿಂಗೆ ಹೇಗೋ ಗೊತ್ತು?"

ಅವನು ತಲೆ ತಗ್ಗಿಸಿ, "ಎಲೆ ಅಲ್ಲಾಡ್ತು ಅತ್ತಿಗೆ. ನಂಗೆ ಕಂಡಿದ್ದು ಬರೀ ಎಲೆ," ಎಂದ.

ಅಣ್ಣನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಇವನೇ. ಪ್ರತಿ ಚಳಿಗಾಲ ಅತ್ತೆಗೆ ಸೌದೆ ಒಡೆದು ಒಟ್ಟಿದವನೂ ಇವನೇ. ಅತ್ತೆ ಅಳಲಿಲ್ಲ, ಶಪಿಸಲಿಲ್ಲ.

"ಶೆರಿಫ್ ಹತ್ರ ಹೋಗಿ ನೀನೇ ಹೇಳು. ನೀನು ಹೇಳದಿದ್ರೆ ನಾಳೆ ನಾನು ಹೇಳ್ತೀನಿ."

ತಲೆಯಾಡಿಸಿದ. ಆದರೆ ರಸ್ತೆಯತ್ತ ಇಳಿಯದೆ ಬೆಟ್ಟ ಹತ್ತಿದ. ಮರುದಿನವೂ ಅವನ ಟ್ರಕ್ಕು ಕೆಳಗೇ ನಿಂತಿತ್ತು. ಅತ್ತೆ ಹೋಗಿ ಎಲ್ಲ ಹೇಳಿದರು. ಶೆರಿಫ್ ಕಡೆಯ ಪೊಲೀಸರು ನಾಯಿ ಬಿಟ್ಟು ಹುಡುಕಿದಾಗ ಅವನ ಕೋಟು ಸಿಕ್ಕಿತು. ಅವನೂ ಸಿಗಲಿಲ್ಲ, ಬಂದೂಕೂ ಸಿಗಲಿಲ್ಲ.

ಈ ವಸಂತದಲ್ಲಿ ಅತ್ತೆ ಮತ್ತೆ ಹೊರಟರು. ಹೊಬರ್ಟ್ ಇನ್ನೂ ಅಲ್ಲೇ ಇದ್ದಾನೆಂಬ ಭಯಕ್ಕೆ ನಾನು ಬೇಡವೆಂದು ಗೋಗರೆದೆ.

"ಗಂಡನ್ನ ಕಳ್ಕೊಂಡಿದ್ದು ಸಾಲ್ದು ಅಂತ ಕಾಡೂ ಬಿಟ್ಕೊಡ್ಲಾ?"

ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ದಿಣ್ಣೆಯ ಬಂಡೆಯ ಕೆಳಗೆ ಯಾರೋ ಬೆಂಕಿ ಹಾಕಿದ್ದರು. ಪಕ್ಕದಲ್ಲಿ ಅಳಿಲಿನ ಹಸಿ ಚರ್ಮ ಬಿದ್ದಿತ್ತು. ಅತ್ತೆ ಬಗ್ಗಿ ಬೂದಿಯ ಮೇಲೆ ಅಂಗೈ ಇಟ್ಟರು.

"ಇನ್ನೂ ಬೆಚ್ಚಗಿದೆ," ಎಂದರು.