ಮುಕಾದಮರ ದನಿಯಲ್ಲಿ ಕೊಟ್ಟ ಒಪ್ಪಿಗೆ

ಮೊದಲೇ ಒಪ್ಪಿಬಿಡುತ್ತೇನೆ: ಭಿವಂಡಿಯ ಗೋದಾಮೊಂದಕ್ಕೆ ನಾವು ಮಾಡಿದ ಆ್ಯಪ್ ಹಾಳಾದದ್ದಕ್ಕೆ ನನ್ನ ಮಿಮಿಕ್ರಿಯೂ ಕಾರಣ.

ಐರೋಲಿಯ ನಮ್ಮ ಸಾಫ್ಟ್‌ವೇರ್ ಆಫೀಸಿನ ಪದ್ಧತಿ ಅಜೈಲ್. ಕೆಲಸವನ್ನು ಎರಡೆರಡು ವಾರದ ತುಂಡು ಮಾಡಬೇಕು, ಪ್ರತಿ ತುಂಡನ್ನೂ ಬಳಸುವವರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದಬೇಕು. ದಿನಾ ಬೆಳಿಗ್ಗೆ ಮೀಟಿಂಗು ಬೇರೆ, ನಿಂತುಕೊಂಡೇ. ಡೊಂಬಿವಲಿಯಿಂದ ಎರಡು ಲೋಕಲ್ ರೈಲುಗಳಲ್ಲಿ ನಿಂತೇ ಬಂದವನನ್ನು ಮತ್ತೆ ನಿಲ್ಲಿಸುವ ಪದ್ಧತಿಯ ಮೇಲೆ ನನಗೆ ಮೊದಲ ದಿನದಿಂದಲೂ ಗುಮಾನಿ.

ಲಾರಿಗೆ ಹತ್ತಿ ಇಳಿಯುವ ಡಬ್ಬಗಳ ಲೆಕ್ಕವಿಡುವ ಆ ಆ್ಯಪ್ ಬಳಸಬೇಕಾದವರು ಗೋದಾಮಿನ ಹಮಾಲರು, ಕಲಬುರಗಿ ಕಡೆಯವರು. ಅವರ ಟೋಳಿಯ ಮುಖ್ಯಸ್ಥರಾದ ಮುಕಾದಮರನ್ನು ನಾನು ನೋಡಿದ್ದು ಒಂದೇ ಸಲ. ಅಷ್ಟರಲ್ಲೇ ಅವರ ದನಿ, ಕೆಮ್ಮು, ತಂಬಾಕು ತಿಕ್ಕುವ ಶೈಲಿ ಎಲ್ಲ ಕದ್ದು ತಂದಿದ್ದೆ.

ಉಡುಪಿ ಕಡೆಯ ನಮ್ಮ ಟೀಮ್ ಲೀಡ್‌ಗೆ ಅಷ್ಟು ಸಾಕಾಯಿತು. "ಆ ಟ್ರಾಫಿಕ್ಕಲ್ಲಿ ಪ್ರತಿ ಡೆಮೊಗೂ ಅವರನ್ನು ಕರೆಸುವುದು ಯಾರು ಮಾರಾಯ? ನೀನೇ ಮುಕಾದಮ ಆಗು."

ಆದೆ. ಪ್ರತಿ ಡೆಮೊದಲ್ಲೂ ಕೆಮ್ಮಿ, "ಚಲೋ ಆಗ್ಯಾದ್ರಿ ಸಾಹೇಬ್ರ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಬೋರ್ಡಿನಲ್ಲಿ ಆ ಕೆಲಸದ ಚೀಟಿ 'ಮುಗಿದದ್ದು' ಸಾಲಿಗೆ ಹೋಗುತ್ತಿತ್ತು. ಇಷ್ಟು ಸಲೀಸಾಗಿ ಕೆಲಸ ಮುಗಿಯುತ್ತದೆಯೇ ಎಂಬ ಅನುಮಾನವಿತ್ತು. ಆದರೆ ನಗು ಸಿಗುವಾಗ ನಾನು ಬಾಯಿ ಮುಚ್ಚುವವರ ಪೈಕಿಯಲ್ಲ.

ಆ್ಯಪ್ ಶುರುವಾದ ಮೂರನೇ ದಿನ ಮುಕಾದಮರ ಫೋನು. ಆ್ಯಪ್ ಕೇಳಿದಂತೆ ಪ್ರತಿ ಡಬ್ಬದ ಫೋಟೊ ತೆಗೆಯುವಷ್ಟರಲ್ಲಿ ಲಾರಿಗಳು ಗೇಟಿನಾಚೆ ಸಾಲುಗಟ್ಟುತ್ತಿವೆ. ಶನಿವಾರದೊಳಗೆ ಸರಿಹೋಗದಿದ್ದರೆ ಗೋದಾಮಿನ ಮಾಲೀಕ ಇವರ ಟೋಳಿಯನ್ನೇ ಬಿಡಿಸಿ ಬೇರೆಯವರನ್ನು ಹಾಕುತ್ತಾನಂತೆ.

ಲೀಡ್ ಮತ್ತು ನಾನು ಭಿವಂಡಿಗೆ ಹೊರಟೆವು. ದಾರಿಯುದ್ದಕ್ಕೂ ಲೀಡ್‌ಗೆ ಹಮಾಲರ ಮೇಲೆ ಅನುಮಾನ, ನನಗೆ ಅಜೈಲ್ ಮೇಲೆ.

"ಅವರಿಗೆ ಫೋನು ಒತ್ತಲಿಕ್ಕಾದರೂ ಗೊತ್ತುಂಟಾ?"

"ಪದ್ಧತಿಯೇ ಬೋಗಸ್ ಸರ್."

ಗೋದಾಮಿನಲ್ಲಿ ಮುಕಾದಮರು ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾರಿಗಿ ಕೇಳಿ ಮಾಡೀರಿ?"

ಲೀಡ್ ನನ್ನತ್ತ ನೋಡಿದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ನಡೆದದ್ದನ್ನು ಹೇಳಿದೆ.

"ಹೌದಾ? ನನ್ನಂಗ ಮಾತಾಡು, ನೋಡಮು."

ಕೆಮ್ಮಿ, ಮಾತಾಡಿದೆ. ಹಮಾಲರು ಬಿದ್ದು ಬಿದ್ದು ನಕ್ಕರು. ಮುಕಾದಮರು ನಗಲಿಲ್ಲ. ಒಂದು ಡಬ್ಬ ತಂದು ನನ್ನ ಎರಡೂ ಕೈಗಳ ಮೇಲೆ ಹೊರಿಸಿದರು. ಅದನ್ನು ಎದೆಗೆ ಒತ್ತಿ ಹಿಡಿದೆ. ಡಬ್ಬದ ಮೇಲೆ ಫೋನಿಟ್ಟರು.

ಶನಿವಾರಕ್ಕೆ ಮೊದಲೇ ಆ ಫೋಟೊದ ಕಾಟ ತೆಗೆದೆವು, ಟೋಳಿ ಉಳಿಯಿತು. ಅಜೈಲ್ ಗೆದ್ದಿತೋ ಸೋತಿತೋ ಎಂದು ಆಫೀಸಿನಲ್ಲಿ ಈಗಲೂ ವಾದ ಮಾಡುತ್ತಾರೆ. ನಾನು ಸೇರುವುದಿಲ್ಲ. ನನ್ನ ಮಟ್ಟಿಗೆ ಅದು ಮುಗಿದದ್ದು ಡಬ್ಬ ಕೈಯಲ್ಲಿದ್ದಾಗಲೇ, ಮುಕಾದಮರು ಹೀಗೆಂದಾಗ:

"ಬಾಯಿ ಖರೇನೇ ನಂದೇ ಅದ ತಮ್ಮಾ. ಈಗ ನನ್ನ ಕೈನೂ ಮಾಡಿ ತೋರ್ಸು. ಡಬ್ಬಾ ಇಳಸ್ದೇ ಫೋಟೊ ಹೊಡಿ."